ಮೂರು ಸುತ್ತು ದಾರಕ್ಕೆ ಒಂದು ಸೊನ್ನೆ

ಏಳನೇ ತರಗತಿಯ ಕೈಕೆಲಸದ ಟೀಚರ್ ಅವರ ಸಮಕ್ಷಮಕ್ಕೆ,

ಮಾನ್ಯರೇ,

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡು ಇಪ್ಪತ್ತಾರು ವರ್ಷಗಳಿಂದ ಅಂಗಿ ಪ್ಯಾಂಟು ಹೊಲಿಯುತ್ತಿರುವ ಟೈಲರನ ಅನಂತ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವ ಅಗತ್ಯ ನನಗಿಲ್ಲ, ಏಕೆಂದರೆ ನನ್ನ ಮಗಳು ಈಚೆಗೆ ದಿನಕ್ಕೆ ಹತ್ತು ಸಲ "ನಮ್ಮ ಟೀಚರ್ ಹೀಗೆ ಹೇಳಿದ್ದಾರೆ" ಎಂದು ಹೇಳುವ ದನಿಯಲ್ಲೇ ತಮ್ಮ ಆರೋಗ್ಯ ಬಲು ಗಟ್ಟಿಯಾಗಿದೆಯೆಂದು ತಿಳಿದುಬರುತ್ತಿದೆ. ಈ ಪತ್ರವನ್ನು ಲಕೋಟೆಯಲ್ಲಿಡದೆ ಶಾಲೆಯ ಗೇಟಿನ ಬಳಿಯ ಸೂಚನಾ ಫಲಕಕ್ಕೆ ನಾಲ್ಕು ಗುಂಡುಸೂಜಿ ಚುಚ್ಚಿ ಹಾಕಿರುವುದಕ್ಕೆ ಕ್ಷಮೆಯಿರಲಿ. ನನ್ನಂಥ ನೊಂದ ತಂದೆಯಂದಿರು ಇನ್ನೂ ಕೆಲವರಿದ್ದಾರೆಂದು ಕೇಳಿದ್ದೇನೆ, ಅವರಿಗೂ ಓದಲು ಅನುಕೂಲವಾಗಲಿ.

ಮೊದಲಿಗೆ ನಾನು ಕಳೆದುಕೊಂಡ ಸುಖ ಎಂಥದ್ದೆಂದು ತಮಗೆ ತಿಳಿದಿರಬೇಕು. ಹನ್ನೆರಡು ತುಂಬಿದ ನನ್ನ ಒಬ್ಬಳೇ ಮಗಳಿಗೆ ಎರಡು ಜಡೆ ಹೆಣೆಯುವುದು, ಬೂಟಿನ ಲೇಸು ಕಟ್ಟುವುದು, ವೇಳಾಪಟ್ಟಿ ನೋಡಿ ಚೀಲಕ್ಕೆ ಪುಸ್ತಕ ತುಂಬುವುದು, ಆಮೇಲೆ ಅದೇ ಚೀಲವನ್ನೂ ಅವಳನ್ನೂ ಸೈಕಲ್ಲಿನ ಮೇಲೆ ಹೇರಿಕೊಂಡು ಶಾಲೆಗೆ ಬಿಡುವುದು, ಇವೆಲ್ಲ ನನ್ನ ಇಲಾಖೆಗೆ ಸೇರಿದ್ದವು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಶ್ರೀಮತಿ "ರೀ, ಅವಳೇನು ಕೈಕಾಲನ್ನ ನಿಮ್ಮ ಹತ್ರ ಅಡವಿಟ್ಟಿದ್ದಾಳಾ?" ಎಂದು ಆಗಾಗ ಕೇಳುತ್ತಿದ್ದುದು ನಿಜ. ಆದರೆ ಹೊಲಿಗೆ ಯಂತ್ರದ ಸದ್ದಿನಲ್ಲಿ ಕೆಲವು ಮಾತುಗಳು ನನಗೆ ಸರಿಯಾಗಿ ಕೇಳಿಸುವುದಿಲ್ಲ.

ಹೀಗೆ ನೆಮ್ಮದಿಯಾಗಿದ್ದ ಮನೆಗೆ ತಮ್ಮ ಸುತ್ತೋಲೆ ಬಂದಿತು. ಕೆರೆಯ ದಂಡೆಯಲ್ಲಿ ಮೂರು ದಿನದ ಶಿಬಿರವೆಂದೂ, ಬರುವ ಮಕ್ಕಳು ತಮ್ಮ ಜಡೆ, ಹಾಸಿಗೆ, ತಟ್ಟೆ, ಬಸ್ ಪ್ರಯಾಣ ಇವಿಷ್ಟನ್ನೂ ತಾವೇ ನೋಡಿಕೊಳ್ಳುವಂತಿರಬೇಕೆಂದೂ, ಸಾಕ್ಷಿಗಾಗಿ ಅಂಗೈಯಗಲದ ಬಟ್ಟೆಗೆ ಒಂದು ಅಂಗಿಯ ಗುಂಡಿಯನ್ನು ಸ್ವಂತ ಕೈಯಿಂದ ಹೊಲಿದು ತರಬೇಕೆಂದೂ ಅದರಲ್ಲಿತ್ತು. ಮಗಳು ತುದಿಗಾಲಲ್ಲಿ ನಿಂತಳು. ಅಲ್ಲಿ ದೋಣಿ ನಡೆಸಲು ಕಲಿಸುತ್ತಾರಂತೆ ಎಂದು ಊಟಕ್ಕೆ ಕೂತಾಗಲೆಲ್ಲ ಚಮಚವನ್ನೇ ಹುಟ್ಟು ಮಾಡಿಕೊಂಡು ಸಾರಿನಲ್ಲಿ ಅಭ್ಯಾಸ ನಡೆಸಿದಳು.

ಗುಂಡಿ ಹೊಲಿಯಲು ಕೂತ ಎರಡನೇ ನಿಮಿಷಕ್ಕೆ ಸೂಜಿ ಅವಳ ಬೆರಳಿಗೆ ಚುಚ್ಚಿತು. ಅವಳು ಬೆರಳನ್ನು ಬಾಯಿಗಿಟ್ಟು, ಬಟ್ಟೆಯನ್ನು ಅಲ್ಲೇ ಬಿಟ್ಟು, "ಆಮೇಲೆ ಮಾಡ್ತೀನಿ" ಎಂದು ಆಡಲು ಹೋದಳು. ಸೂಜಿ ಚುಚ್ಚಿದ್ದು ಅವಳಿಗೆ, ನೋವಾದದ್ದು ನನಗೆ. ನಾನು ಆ ಬಟ್ಟೆಯನ್ನು ಎತ್ತಿಕೊಂಡೆ. ಇಲ್ಲಿ ನನ್ನ ಶ್ರಮವನ್ನು ತಾವು ಗಮನಿಸಬೇಕು: ಮಗುವಿನ ಕೆಲಸವೆಂದು ತೋರಲೆಂದು ನಾನು ಎಡಗೈಯಿಂದ ಹೊಲಿದೆ, ಬಿಳಿ ಗುಂಡಿಗೆ ನೀಲಿ ದಾರ ಹಾಕಿದೆ, ಒಂದು ಹೊಲಿಗೆಯನ್ನು ಬೇಕೆಂದೇ ಬಟ್ಟೆಯ ಅಂಚಿಗೆ ಓಡಿಸಿದೆ. ಇಪ್ಪತ್ತಾರು ವರ್ಷಗಳಲ್ಲಿ ಇಷ್ಟು ಕೆಟ್ಟದಾಗಿ ಹೊಲಿಯಲು ನಾನು ಯಾವತ್ತೂ ಇಷ್ಟು ಕಷ್ಟಪಟ್ಟಿರಲಿಲ್ಲ. ಆಮೇಲೆ ಎಂದಿನಂತೆ ನಾನೇ ಅದನ್ನು ಅವಳ ಚೀಲದಲ್ಲಿಟ್ಟೆ. ಅವಳಿಗೆ ಹೇಳುವುದು ಮರೆತುಹೋಯಿತು. ಮರೆಯಬೇಕೆಂದೇ ಮರೆತೆನೆಂದು ಶ್ರೀಮತಿಯ ವಾದ.

ಮಾರನೆಯ ದಿನ ತಾವು ಚೀಲದಿಂದ ಬಂದ ಆ ಬಟ್ಟೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಗುಂಡಿಯನ್ನು ಉಗುರಿನಿಂದ ಎತ್ತಿ ನೋಡಿದಿರಂತೆ. ಅಯ್ಯೋ, ನನ್ನ ಕೈ ಎಲ್ಲವನ್ನೂ ಕೆಡಿಸಿ ಹೊಲಿದರೂ ಕೊನೆಯಲ್ಲಿ ಅಭ್ಯಾಸಬಲದಿಂದ ಗುಂಡಿಯ ಕೆಳಗೆ ದಾರವನ್ನು ಮೂರು ಸುತ್ತು ಸುತ್ತಿ, ಗಂಟನ್ನು ಒಳಗೆ ಅಡಗಿಸಿಬಿಟ್ಟಿತ್ತು! ಹೀಗೆ ಸುತ್ತಿದರೆ ಗುಂಡಿ ವರ್ಷಗಟ್ಟಲೆ ಅಲುಗಾಡುವುದಿಲ್ಲ. ತಾವು ಕೆಂಪು ಶಾಯಿಯಲ್ಲಿ ಒಂದು ದುಂಡನೆಯ ಸೊನ್ನೆ ಬರೆದು, ಕೆಳಗೆ "ಈ ಮೂರು ಸುತ್ತನ್ನು ನಮ್ಮ ತರಗತಿಯಲ್ಲಿ ಇನ್ನೂ ಹೇಳಿಕೊಟ್ಟಿಲ್ಲ. ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು" ಎಂದು ಬರೆದು ಕಳುಹಿಸಿದಿರಿ. ನಮಸ್ಕಾರ ತಲುಪಿತು. ಊರಿನ ಅರ್ಧ ಜನರ ಮೈಮೇಲೆ ನಾನು ಹೊಲಿದ ಗುಂಡಿಗಳಿವೆ, ಅಂಥವನಿಗೆ ಗುಂಡಿಯಲ್ಲೇ ಸೊನ್ನೆ! ಅದರ ಜೊತೆಗೆ ಶಿಬಿರದ ಪಟ್ಟಿಯಿಂದ ಮಗಳ ಹೆಸರು ಹೊಡೆದುಹಾಕಿ, ಒಂದು ವಾರದ ನಂತರ ತಮ್ಮ ಕಣ್ಣೆದುರೇ ಹೊಲಿದು ತೋರಿಸಿದರೆ ನೋಡೋಣವೆಂದಿರಿ.

ಅವಳು ಅತ್ತಿದ್ದರೆ ನನಗೆ ಸಮಾಧಾನ ಮಾಡಲು ಬರುತ್ತಿತ್ತು, ಆ ಕೆಲಸವೂ ನನ್ನದೇ ಇಲಾಖೆಯದು. ಅವಳು ಅಳಲಿಲ್ಲ. ಚೀಲ ಕೆಳಗಿಟ್ಟು, "ಅಪ್ಪ, ಟೀಚರ್ ಮುಂದೆ ನಾನು ಸುಳ್ಳು ಹೇಳಿದ ಹಾಗಾಯ್ತು. ನಂಗೆ ಏನೂ ಬರಲ್ಲ ಅಂತ ನೀನೇ ಎಲ್ರಿಗೂ ಹೇಳ್ದೆ" ಎಂದಳು. ಆ ಸಂಜೆ ನಾನು ಯಂತ್ರದ ಮುಂದೆ ಕೂತೆನಾದರೂ ಪೆಡಲ್ ತುಳಿಯಲಿಲ್ಲ. ನನಗೆ ನಾಚಿಕೆಯಾಗಿತ್ತು, ಅದನ್ನು ಇಲ್ಲಿ ಮುಚ್ಚಿಟ್ಟು ಪ್ರಯೋಜನವಿಲ್ಲ.

ಮುಂದಿನ ಒಂದು ವಾರ ನಾನು ಅನುಭವಿಸಿದ ಹಿಂಸೆಗೆ ತಾವೇ ಹೊಣೆ. ಮಗಳು ಅಂಗಡಿಯ ಹೊಸ್ತಿಲ ಮೇಲೆ ಚಿಂದಿ ಬಟ್ಟೆ ಹರಡಿಕೊಂಡು, ನಾನು ಎದ್ದರೆ "ಕೂತ್ಕೋ ಅಪ್ಪ", ಬಗ್ಗಿದರೆ "ನೋಡ್ಬೇಡ ಅಪ್ಪ" ಎನ್ನುತ್ತ ಹತ್ತೊಂಬತ್ತು ಗುಂಡಿ ಹೊಲಿದಳು, ಹದಿನೇಳು ಕಿತ್ತು ಬಂದವು. ನನ್ನ ಕೈ ತುರಿಸುತ್ತಿತ್ತು. ಅವಳನ್ನು ಕದ್ದು ನೋಡುತ್ತ ಕೂತ ನಾನು ಒಬ್ಬ ಬ್ಯಾಂಕ್ ಗುಮಾಸ್ತರ ಅಂಗಿಯ ಎಡತೋಳನ್ನು ಬಲಕ್ಕೂ ಬಲತೋಳನ್ನು ಎಡಕ್ಕೂ ಕೂಡಿಸಿಟ್ಟೆ. ಅವರು ಅದನ್ನು ತೊಟ್ಟು ನೋಡಿ, ಇದು ಹೊಸ ಫ್ಯಾಷನ್ನೋ ಎಂದು ಭಯಭಕ್ತಿಯಿಂದ ಕೇಳಿದರು. ಅವಳೇ ಹೆಣೆದುಕೊಂಡ ಜಡೆಗಳಲ್ಲಿ ಒಂದು ಕಿವಿಯ ಮೇಲೂ ಇನ್ನೊಂದು ಕತ್ತಿನ ಬಳಿಯೂ ಹುಟ್ಟತೊಡಗಿದವು. ಒಂದು ಬೆಳಿಗ್ಗೆ ಅವಳು ಒಬ್ಬಳೇ ಬಸ್ಸು ಹತ್ತಿದಾಗ ನಾನು ಸೈಕಲ್ಲಿನಲ್ಲಿ ಬಸ್ಸನ್ನು ಹಿಂಬಾಲಿಸಿದೆ. ಮೂರನೇ ನಿಲ್ದಾಣದಲ್ಲಿ ಇಳಿದವಳು ಬೆವರಿ ಏದುಸಿರು ಬಿಡುತ್ತಿದ್ದ ನನಗೆ ತನ್ನ ನೀರಿನ ಬಾಟಲಿ ಕೊಟ್ಟು ಗೇಟಿನೊಳಗೆ ಹೋದಳು. ಹೇಳಬೇಕಾದದ್ದನ್ನು ಮನೆಯಲ್ಲಿ ಅವಳ ತಾಯಿ ಹೇಳಿದಳು: "ನೀವು ಹಿಂದೆ ತುಳಿದ್ರೆ ಬಸ್ಸು ಬೇಗ ಹೋಗುತ್ತೇನ್ರೀ?"

ವಾರ ಕಳೆದ ಮೇಲೆ ಅವಳು ತಮ್ಮೆದುರು ಹೊಲಿದ ಗುಂಡಿ ಸ್ವಲ್ಪ ಓರೆಯಾಗಿತ್ತಂತೆ, ಆದರೆ ತಾವು ಮೂರು ಸಲ ಜಗ್ಗಿದರೂ ಬರಲಿಲ್ಲವಂತೆ. ಪಟ್ಟಿಯಲ್ಲಿ ಹೆಸರು ಮರಳಿ ಬಂತು. ಅವಳು ಬೀದಿಯ ತಿರುವಿನಿಂದಲೇ "ಅಪ್ಪಾ, ಬಂತು!" ಎಂದು ಕೂಗಿಕೊಂಡು ಓಡಿಬಂದಾಗ ನಾನು ಎಷ್ಟು ಹಿಗ್ಗಿದೆನೆಂದರೆ, ಅಳತೆ ಕೊಡಲು ನಿಂತಿದ್ದವರನ್ನು ಟೇಪಿನ ಸಮೇತ ಬಿಟ್ಟು ಬೀದಿಗೇ ಇಳಿದೆ.

ಆದರೆ ಮಾನ್ಯರೇ, ಈ ವಿದ್ಯೆ ಅಷ್ಟಕ್ಕೇ ನಿಲ್ಲಲಿಲ್ಲವಲ್ಲ! ಈಗ ಅವಳು ಎಲ್ಲದಕ್ಕೂ "ನಾನೇ ಮಾಡ್ತೀನಿ" ಎನ್ನುತ್ತಾಳೆ, ಅದೂ ಸಾಲದೆ ನಾನು ಕಾಫಿ ಕುಡಿದಿಟ್ಟ ಲೋಟವನ್ನು ತೋರಿಸಿ "ಇದು ಯಾರ್ದು?" ಎಂದು ಕೇಳುತ್ತಾಳೆ. ಬೆಳಗಿನ ಒಂದು ಗಂಟೆ ನನಗೆ ಮಾಡಲು ಕೆಲಸವಿಲ್ಲ. ಆದ್ದರಿಂದ ತಮ್ಮಲ್ಲಿ ವಿನಮ್ರವಾಗಿ ಬೇಡುವುದೇನೆಂದರೆ, ಎರಡು ಜಡೆಗಳಲ್ಲಿ ಕನಿಷ್ಠ ಎಡಗಡೆಯ ಒಂದನ್ನಾದರೂ ನನಗೆ ಮರಳಿಸಬೇಕು; ಗುರುವಾರಗಳಂದು ಲೇಸು ಕಟ್ಟುವುದನ್ನು ಮಕ್ಕಳು ಕಡ್ಡಾಯವಾಗಿ ಮರೆಯಬೇಕೆಂದು ಸುತ್ತೋಲೆ ಹೊರಡಿಸಬೇಕು; ಅದೂ ಆಗದಿದ್ದರೆ, ಮಕ್ಕಳು ವರ್ಷಕ್ಕೆ ಆರು ತಿಂಗಳು ಮಾತ್ರ ಬೆಳೆಯುವಂತೆ ಶಾಲೆಯ ವೇಳಾಪಟ್ಟಿಯನ್ನಾದರೂ ಸರಿಪಡಿಸಬೇಕು.

ಶಿಬಿರಕ್ಕೆ ಹೊರಡುವ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ನಾನೂ ಇದ್ದೆ. ಅವಳ ಚೀಲ ಎತ್ತಿಕೊಡಲು ಮುಂದಾದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದನ್ನು ತಾವು ನೋಡಿ ನಕ್ಕಿದ್ದು ನನಗೆ ಗೊತ್ತು. ಆಗ ಅಕ್ಕನನ್ನು ಬೀಳ್ಕೊಡಲು ಬಂದಿದ್ದ ಐದನೇ ತರಗತಿಯ ಪುಟ್ಟ ಹುಡುಗಿಯೊಬ್ಬಳು ಬಿಚ್ಚಿಹೋದ ಲೇಸನ್ನು ಹಿಡಿದು ಅಳುಮುಖ ಮಾಡಿ ನಿಂತಿದ್ದಳು. ನನ್ನ ಮಗಳು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕಟ್ಟಿಕೊಡುತ್ತಾಳೆಂದುಕೊಂಡೆ. ಅವಳು ಕಟ್ಟಿಕೊಡಲಿಲ್ಲ, ತನ್ನ ಲೇಸನ್ನೇ ಬಿಚ್ಚಿ, ಹೇಗೆಂದು ತೋರಿಸಿ, "ಈಗ ನೀನು" ಎಂದು ಕಾದಳು. ಡ್ರೈವರು ಹಾರ್ನ್ ಹೊಡೆದರೂ ಕಾದಳು. ಆ ಪುಟ್ಟ ಕೈಗಳು ಮೂರು ಸಲ ತಪ್ಪಿದವು, ನಾಲ್ಕನೆಯದಕ್ಕೆ ಗಂಟು ಬಿತ್ತು. ಹಾಗೆ ಕಾಯುವುದನ್ನು ನಾನು ಹನ್ನೆರಡು ವರ್ಷದಲ್ಲಿ ಕಲಿಯಲಿಲ್ಲ, ಅವಳು ಒಂದು ವಾರದಲ್ಲಿ ಕಲಿತಿದ್ದಳು. ಕಣ್ಣು ತುಂಬಿ ಬಂದು ಬಸ್ಸು ಹೋದದ್ದೇ ನನಗೆ ಸರಿಯಾಗಿ ಕಾಣಲಿಲ್ಲ. ಈ ನಷ್ಟವನ್ನೂ ತಾವೇ ಭರಿಸಿಕೊಡತಕ್ಕದ್ದು.

ಇಂತಿ, ದೂರು ಹೇಳಿದರೂ ಕೃತಜ್ಞನಾದ,
ತಮ್ಮ ವಿಶ್ವಾಸಿ,
ಕೆಲಸ ಕಳೆದುಕೊಂಡ ಒಬ್ಬ ತಂದೆ

ತಾ.ಕ.: ಶಿಬಿರದಿಂದ ಮರಳಿದ ಮಕ್ಕಳ ಕೈಯಲ್ಲಿ ತಾವು "ಮನೆಯವರ ಪ್ರಗತಿ ಪತ್ರ" ಎಂಬುದೊಂದನ್ನು ಕೊಟ್ಟು, ಅಪ್ಪ ಅಮ್ಮಂದಿರಿಗೆ ಮಕ್ಕಳೇ ಅಂಕ ಹಾಕುವಂತೆ ಮಾಡಿದ್ದೀರಿ. ನನ್ನ ಶ್ರೀಮತಿಗೆ ಹತ್ತಕ್ಕೆ ಹತ್ತು. ನನಗೆ "ಕೈ ಹಾಕದೆ ನೋಡುವುದು" ಎಂಬಲ್ಲಿ ಹತ್ತಕ್ಕೆ ನಾಲ್ಕು, ಷರಾ: "ಅಪ್ಪ ಒಳ್ಳೆಯವನು. ನಿಧಾನವಾಗಿ ಕಲಿಯುತ್ತಿದ್ದಾನೆ." ಆ ಪ್ರಗತಿ ಪತ್ರದ ಕೆಳಗಿನ ಸಹಿ ನನ್ನದೇ, ಯಾರ ಸಹಾಯವನ್ನೂ ಪಡೆದಿಲ್ಲ, ಅನುಮಾನವಿದ್ದರೆ ಬೆಳಕಿಗೆ ಹಿಡಿದು ನೋಡಬಹುದು.