ರಿವರ್ಸ್ ಗೇರಿನ ಮನುಷ್ಯ

ಒಪ್ಪಿಕೊಂಡುಬಿಡುತ್ತೇನೆ, ನಾನು ಮಹಾ ಸಿಟ್ಟಿನ ಮನುಷ್ಯ. ಆದರೆ ನನ್ನ ಸಿಟ್ಟು ಕಂಡವರು ಹೆಂಡತಿ ಸುಧಾ ಮತ್ತು ನನ್ನ ಕಾರಿನ ಸ್ಟೀರಿಂಗು, ಇಬ್ಬರೇ. ಹೆಬ್ಬಾಳದ ಒಂದು ಪ್ರಯೋಗಾಲಯದಲ್ಲಿ ಇಲಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲೊಂದು ಪರೀಕ್ಷೆಯಿದೆ. ಒಂದೇ ಇಲಿ ತೂರುವಷ್ಟು ಸಣ್ಣ ಕೊಳವೆಯ ಎರಡೂ ಬಾಯಿಂದ ಒಂದೊಂದು ಇಲಿ ಬಿಡುತ್ತೇವೆ. ನಡುವೆ ಎದುರಾದಾಗ ನೂಕಿಕೊಂಡು ಬಂದದ್ದು ಯಜಮಾನ, ಹಿಂದೆ ಸರಿದದ್ದು ಕೆಳಗಿನದು. ಇದು ಮೈಯ ಗಾತ್ರಕ್ಕಿಂತ ಹೆಚ್ಚಾಗಿ ಹಣೆಯ ಹಿಂದಿರುವ ಮೆದುಳಿನ ಆಟ ಎನ್ನುತ್ತಾರೆ ನಮ್ಮ ಮೇಡಂ. ಅಲ್ಲಿನ ನರಕೋಶಗಳನ್ನು ಕೆಣಕಿದರೆ ಸೋತು ಸೋತು ಅಭ್ಯಾಸವಾದ ಇಲಿಯೂ ತಿರುಗಿ ನೂಕುತ್ತದಂತೆ. ಕೆಲವು ಸಲ ಗೆದ್ದ ಮೇಲೆ ಕೆಣಕುವುದೂ ಬೇಡವಂತೆ.

ನಮ್ಮ ಮನೆಯಿರುವ ಸಿಂಗಾಪುರದ (ದೇಶವಲ್ಲ, ಹೆಬ್ಬಾಳದಾಚೆಯ ಬಡಾವಣೆ) ಗಲ್ಲಿಯಲ್ಲೂ ಒಂದು ಕಾರಿಗಷ್ಟೇ ಜಾಗ. ಮೊದಲು ಒಳಗೆ ಬಂದವರಿಗೆ ದಾರಿ ಎನ್ನುವುದು ಎಲ್ಲರೂ ಒಪ್ಪಿದ ಪದ್ಧತಿ, ಮೂಲೆಮನೆಯ ಮುನಿರಾಜಣ್ಣನನ್ನು ಬಿಟ್ಟು. ಬಡಾವಣೆಯ ಜಮೀನೆಲ್ಲ ಒಂದು ಕಾಲಕ್ಕೆ ಅವರದೇ. ತಮ್ಮ ದೈತ್ಯ ಬಿಳಿ ಕಾರನ್ನು ನನ್ನ ಮೂತಿಗೆ ತಂದು ನಿಲ್ಲಿಸಿ ಕೈ ಬೀಸುತ್ತಾರೆ. "ಇಂದಕ್ಕೆ ತಗೊಳ್ಳಿ ಸಾ. ಇದು ನಮ್ ತಾತನ್ ದ್ರಾಕ್ಷಿ ತ್ವಾಟ." ತೋಟ ಹೋಗಿ ಸೈಟುಗಳಾಗಿ ಇಪ್ಪತ್ತು ವರ್ಷವಾಯಿತು ಸ್ವಾಮಿ! ಆರು ವರ್ಷದಿಂದ ಕಾರನ್ನು ಹಿಂದಕ್ಕೆ ತೆಗೆದೂ ತೆಗೆದೂ ನನ್ನ ಕತ್ತು ಉಳುಕಿದೆ. ಮೈಯೆಲ್ಲ ಉರಿಯುತ್ತದೆ, ಬಾಯಿ ಮಾತ್ರ "ಆಯ್ತಣ್ಣ" ಎನ್ನುತ್ತದೆ.

ಕಳೆದ ಸೋಮವಾರ ಪಕ್ಕದಲ್ಲಿ ಸುಧಾ ಇದ್ದಳು. "ನೀವು ಮುಂದಕ್ಕೆ ಓಡ್ಸಿದ್ದಕ್ಕಿಂತ ಹಿಂದಕ್ಕೆ ಓಡ್ಸಿದ್ದೇ ಜಾಸ್ತಿ ಕಣ್ರೀ," ಎಂದಳು. ಅದು ನಾಟಿತು. ಎಂಜಿನ್ ಆಫ್ ಮಾಡಿ ಕೈಕಟ್ಟಿ ಕೂತೆ. ಮುನಿರಾಜಣ್ಣ ಹಾರ್ನ್ ಹೊಡೆದರು, ಹೊಡೆದೇ ಹೊಡೆದರು. "ನಾನ್ ಮೊದ್ಲು ಬಂದಿದ್ದು. ತೆಗಿಯಲ್ಲ!" ಎಂದು ಕೂಗಿದೆ. ದನಿ ಕೀಚಲಾಯಿತು, ಆದರೂ ಕೂಗಿದೆ. ಹತ್ತು ನಿಮಿಷದ ಮೇಲೆ ಆ ಬಿಳಿ ಕಾರು ಹಿಂದೆ ಸರಿಯಿತು. ಸುಧಾ ಮದುವೆಯ ದಿನವೂ ನನ್ನನ್ನು ಹಾಗೆ ನೋಡಿರಲಿಲ್ಲ.

ಅವಳನ್ನು ಬಸ್ ಸ್ಟಾಪಿಗೆ ಬಿಟ್ಟು, ಮರೆತುಬಂದಿದ್ದ ಊಟದ ಡಬ್ಬಿಗಾಗಿ ಮನೆಗೆ ತಿರುಗಿದೆ. ಎದುರಿಗೆ ಸೊಪ್ಪಿನ ಜಯಮ್ಮ ತಳ್ಳುಗಾಡಿಯೊಂದಿಗೆ ಬರುತ್ತಿದ್ದಳು. ಅವಳೇ ಮೊದಲು ಬಂದವಳು, ಗಲ್ಲಿಯ ಮುಕ್ಕಾಲು ಪಾಲು ದಾಟಿಬಿಟ್ಟಿದ್ದಳು. ನಾನು ಹಾರ್ನ್ ಒತ್ತಿದೆ.

"ಸಾ, ತುಂಬಿದ್ ಗಾಡಿ, ಇಂದಕ್ಕೆ ಎಳೆಯಾಕಾಗಲ್ಲ," ಎಂದಳು.

ಇನ್ನೊಮ್ಮೆ ಒತ್ತಿದೆ, ಉದ್ದಕ್ಕೆ. ಜಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಏದುಸಿರು ಬಿಡುತ್ತಾ, ಬಂದ ದಾರಿಯುದ್ದಕ್ಕೂ ಗಾಡಿಯನ್ನು ಹಿಂದಕ್ಕೆಳೆದಳು.

ನನ್ನ ಮೇಲೆ ನನಗೆ ಎಂಥ ಸಿಟ್ಟು ಬಂತು ಅಂತೀರಿ! ಬಂದದ್ದು ಮಾತ್ರ ಡಬ್ಬಿ ತೆಗೆದುಕೊಂಡು ಮನೆಗೆ ಬೀಗ ಹಾಕುವಾಗ. ಅವಳು ಎಳೆಯುತ್ತಿದ್ದಷ್ಟು ಹೊತ್ತೂ ನನಗೆ ತುಂಬ ಹಿತವಾಗಿತ್ತು.