ಮಾರಿದ ದೋಣಿಯಿಂದ ಇಳಿಯದ ಮಹನೀಯರಿಗೆ

ಗಾಳಿಯ ಮರ್ಮ ಬಲ್ಲವರೂ, ನಿವೃತ್ತ ಮುಖ್ಯೋಪಾಧ್ಯಾಯರೂ, ನನ್ನ ಹಾಯಿದೋಣಿಯ ಹಿಂದಿನ ಮಾಲೀಕರೂ, ನನಗೀಗ ಅರ್ಥವಾಗಿರುವಂತೆ ಇಂದಿನ ಮಾಲೀಕರೂ ಆದ ಮಾನ್ಯರೇ,

ತಮ್ಮಿಂದ ದೋಣಿ ಕೊಂಡ ಕನ್ನಡಕದಂಗಡಿಯವನ ಸಾಷ್ಟಾಂಗ ನಮಸ್ಕಾರಗಳು. ಈ ಪತ್ರವನ್ನು ಮನೆಗೆ ಕಳಿಸದೆ ದೋಣಿ ಕಟ್ಟುವ ದಕ್ಕೆಯ ಸೂಚನಾ ಫಲಕಕ್ಕೆ ಅಂಟಿಸುತ್ತಿರುವುದಕ್ಕೆ ಕ್ಷಮೆಯಿರಲಿ. ಭಾನುವಾರ ತಾವು ಮನೆಯಲ್ಲಿ ಸಿಗುವವರಲ್ಲ. ಹವಾಮಾನದ ಚೀಟಿ ಓದಲು ಈ ಫಲಕದ ಮುಂದೆ ನಿಲ್ಲುವುದನ್ನು ಮಾತ್ರ ತಪ್ಪಿಸುವುದಿಲ್ಲ, ಓದಿದ ಮೇಲೆ ನೇರವಾಗಿ ನನ್ನ ದೋಣಿ ಹತ್ತುತ್ತೀರಿ.

ತಮ್ಮ ಜಾಹೀರಾತು ನನಗೆ ಬಾಯಿಪಾಠವಾಗಿದೆ: 'ಪುಟ್ಟ ಹಾಯಿದೋಣಿ, ಒಳಗೆ ಸಣ್ಣ ಒಲೆಯಿದೆ, ಇಬ್ಬರು ಮಲಗಬಹುದು, ಬಹಳ ಕಡಿಮೆ ಬಳಸಿದ್ದು.' ಕಡಿಮೆ ಬಳಸಿದ್ದು ಎನ್ನುವುದು ಮಾರುವವರೆಲ್ಲರ ಮಾಮೂಲು ಪಲ್ಲವಿ ಎಂದುಕೊಂಡು ನಾನು ಬಂದು ಹಲಗೆಗಳನ್ನು ಗೆಣ್ಣಿನಿಂದ ಬಡಿದು ನೋಡಿದೆ, ತಳದಲ್ಲಿ ನೀರಿನ ವಾಸನೆಯಿದೆಯೇ ಎಂದು ಮೂಗಿಟ್ಟು ಮೂಸಿದೆ, ಹಾಯಿಯನ್ನು ಅಂಗಳದಲ್ಲಿ ಹಾಸಿ ಹೊಲಿಗೆ ಹೊಲಿಗೆಯನ್ನೂ ಪರೀಕ್ಷಿಸಿದೆ. ಎಲ್ಲವೂ ಹೊಸದರ ಹಾಗಿತ್ತು. ಊರವರ ಕಣ್ಣು ಪರೀಕ್ಷಿಸುವ ನನ್ನ ಕಣ್ಣಿಗೆ ಕಾಣದೆ ಹೋದ ಏಕೈಕ ದೋಷವೆಂದರೆ ಅದೇ.

ನನ್ನ ಆಸೆ ದೊಡ್ಡದೇನೂ ಆಗಿರಲಿಲ್ಲ. ನಮ್ಮ ಅಂಗಡಿಯ ಮಹಡಿಯ ಕಿಟಕಿಯಿಂದ ದೂರದಲ್ಲಿ ಒಂದು ನಡುಗಡ್ಡೆ ಕಾಣುತ್ತದೆ. ಮದುವೆಯಾಗಿ ಬಂದ ದಿನದಿಂದ ನನ್ನಾಕೆ ಅದನ್ನು ನೋಡುತ್ತಾ ತಲೆ ಬಾಚಿಕೊಂಡಿದ್ದಾಳೆ. ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ದೋಣಿಯಲ್ಲೇ ಒಂದು ರಾತ್ರಿ ಮಲಗಿ, ಬೆಳಗ್ಗೆ ಎದ್ದು ಚಹಾ ಕಾಯಿಸಿ ಕುಡಿದು ಬರಬೇಕು. ಇಷ್ಟಕ್ಕೇ ನಾನು ದೋಣಿ ಕೊಂಡದ್ದು.

ಮೊದಲ ಭಾನುವಾರ ತಾವು ಫ್ಲಾಸ್ಕು ಹಿಡಿದು ಬಂದಾಗ, ಪಾಪ, ಮಗಳನ್ನು ಕೊಟ್ಟ ಮನೆಗೆ ಬಂದ ಅಪ್ಪನಂತೆ ಬಂದಿದ್ದಾರೆ ಎಂದು ಮನಸ್ಸು ಕರಗಿತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಮಾತು ತಮಗೆ ಗೊತ್ತಿರಬಹುದೆಂದು ಸುಮ್ಮನಾದೆ. ತಾವಾದರೋ ನಾನು ಸುತ್ತಿಟ್ಟ ಹಗ್ಗ ಬಿಚ್ಚಿ ಮತ್ತೆ ಸುತ್ತಿದಿರಿ, ನನ್ನ ಕುಶನ್ನು ಪಕ್ಕಕ್ಕೆ ಸರಿಸಿ ಚುಕ್ಕಾಣಿಯ ಬಳಿ ಕೂತಿರಿ, ಕಂಬದ ತುದಿಯ ಬಾವುಟವನ್ನು ದಿಟ್ಟಿಸಿ, "ಇವತ್ತು ಬೇಡ, ಗಾಳಿ ಸರಿಯಿಲ್ಲ" ಎಂದಿರಿ. ಮರುವಾರ ಗಾಳಿ ಜಾಸ್ತಿಯಾಯಿತು. ಅದರ ಮರುವಾರ ಕಡಿಮೆಯಾಯಿತು. ಒಮ್ಮೆ ಗಾಳಿ ಎಲ್ಲ ರೀತಿಯಲ್ಲೂ ಸರಿಯಾಗಿದ್ದು, "ಇಷ್ಟು ಸರಿಯಾಗಿದ್ರೆ ನಂಬಬಾರದು" ಎಂದಿರಿ. ದೇವರು ವರ ಕೊಟ್ಟರೂ ಪೂಜಾರಿ ಕೊಡನು ಎಂಬುದು ಅಂದು ಮನದಟ್ಟಾಯಿತು. ನಾನು, ಬೆಳ್ಳಗಾದ ಮೀಸೆಯವನು, ರಜೆ ಸಿಗದ ವಿದ್ಯಾರ್ಥಿಯಂತೆ ಹಗ್ಗ ಹಿಡಿದು ನಿಂತಿದ್ದೆ.

ಕೊನೆಗೆ ದಕ್ಕೆಯ ಬಡಗಿಯನ್ನು ಕೇಳಿದೆ. ಅವನು ಉಳಿಗೆ ಎಣ್ಣೆ ಸವರುತ್ತಾ, "ಮೇಷ್ಟ್ರ ದೋಣಿನಾ? ಅದು ಅಲೆ ತಡೆಯೋ ಆ ಗೋಡೆ ದಾಟಿದ್ದು ನಾನಂತೂ ನೋಡಿಲ್ಲ, ಸಾರ್" ಎಂದ. ಮಾನ್ಯರೇ, ತಾವು ಸತ್ಯಸಂಧರು. ಬಹಳ ಕಡಿಮೆ ಬಳಸಿದ್ದು ಎಂಬಲ್ಲಿ ತಪ್ಪಿದ್ದರೆ ಅದು 'ಬಹಳ ಕಡಿಮೆ' ಎಂಬ ಆತ್ಮಪ್ರಶಂಸೆ ಮಾತ್ರ.

ತಮ್ಮ ಮನೆಯವರು ನನ್ನಾಕೆಯ ಹತ್ತಿರ ಹೇಳಿಕೊಂಡರಂತೆ: "ದೋಣಿ ಮಾರಿಬಿಟ್ರೆ ಭಾನುವಾರನಾದ್ರೂ ಮನೇಲಿರ್ತಾರೆ ಅಂದ್ಕೊಂಡೆ ಕಣಮ್ಮಾ. ಈಗ ಅದನ್ನ ತೊಳೆಯೋ ಕೆಲಸನೂ ಇಲ್ಲ, ಸುಮ್ನೆ ಹೋಗಿ ಕೂರ್ತಾರೆ." ಆ ತಾಯಿಗೂ ಒಮ್ಮೆ ಆ ನಡುಗಡ್ಡೆ ತೋರಿಸುತ್ತೇನೆ ಎಂದಿದ್ದಿರಂತೆ, ಯಾವ ಕಾಲದಲ್ಲೋ. ಕಾದು ಸಾಕಾಗಿ ಇಬ್ಬರೂ ಸೇರಿ ಎದುರು ದಡದಲ್ಲಿ ಹಾಯಿದೋಣಿ ನಡೆಸಲು ಕಲಿಸುವ ತರಗತಿಗೆ ಹೋಗುತ್ತಿದ್ದಾರೆ. ಬೇಜಾರು ಕಳೆಯಲಿ ಎಂದು ನಾವು ಗಂಡಂದಿರಿಬ್ಬರೂ ಉದಾರವಾಗಿ ಒಪ್ಪಿದ್ದೇವೆ.

ಆದ್ದರಿಂದ ನನ್ನ ಬಿನ್ನಹ. ತಮಗೆ ಒಪ್ಪಿಗೆಯಾಗುವ ಗಾಳಿಯನ್ನು ತಾವೇ ಆರಿಸಿ, ಅದರ ನಡತೆಯ ಬಗ್ಗೆ ಪ್ರಮಾಣಪತ್ರ ಬರೆದು, ಒಂದು ಭಾನುವಾರದ ಮಟ್ಟಿಗೆ ತರಿಸಿಕೊಡಬೇಕು. ಅದು ಸಾಧ್ಯವಿಲ್ಲದಿದ್ದರೆ ನಡುಗಡ್ಡೆಯನ್ನೇ ಗೋಡೆಯ ಈಚೆಗೆ ಸರಿಸಬೇಕು. ಅದೂ ಆಗದಿದ್ದರೆ, ನನ್ನ ದೋಣಿಯನ್ನು ನಾನು ಭೇಟಿ ಮಾಡಬಹುದಾದ ವೇಳೆಯನ್ನು ಗೊತ್ತುಮಾಡಬೇಕು. ಮಳೆ ಬರುವ ಮಧ್ಯಾಹ್ನಗಳಾದರೂ ಸರಿ, ಹೊಂದಿಸಿಕೊಳ್ಳುತ್ತೇನೆ.

ನಗು ಬರಬಹುದು. ನನಗೆ ಬರುತ್ತಿಲ್ಲ, ಏಕೆಂದರೆ ಸಹವಾಸದಿಂದ ಸನ್ಯಾಸಿ ಕೆಟ್ಟ ಕಥೆ ನನ್ನದಾಗಿದೆ. ಮೊನ್ನೆ ತಾವಿಲ್ಲದ ಒಂದು ಸಂಜೆ ನನ್ನಾಕೆ ದೋಣಿಯಲ್ಲಿ ಕೂತು, "ಈಗ ಹೊರಡೋಣ್ವಾ?" ಎಂದಳು. ತಡೆಯುವವರು ಯಾರೂ ಇರಲಿಲ್ಲ. ನಾನು ಕತ್ತೆತ್ತಿ ಬಾವುಟ ನೋಡಿ, ತಮ್ಮದೇ ಧಾಟಿಯಲ್ಲಿ, "ಇವತ್ತು ಬೇಡ" ಎಂದೆ. ನಿಜ ಹೇಳುತ್ತೇನೆ, ಗಾಳಿಯದೇನೂ ತಪ್ಪಿರಲಿಲ್ಲ, ಗೋಡೆಯಾಚೆಯ ನೀರು ನೋಡಿ ಹೆದರಿಕೆಯಾಯಿತು. ಅವಳು ಎದ್ದು ಚಪ್ಪಲಿ ಹಾಕಿಕೊಂಡಳು. ಅವಳು ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ತಮಗೂ ಹಾಗೇ ಆಗುತ್ತಿತ್ತೇ, ಮೇಷ್ಟ್ರೇ? ಉತ್ತರ ಬೇಡ. ಇವತ್ತು ಗಾಳಿ ಹೇಗಾದರೂ ಇರಲಿ, ತರಗತಿ ಮುಗಿಸಿ ಅವಳು ಬಂದ ಕೂಡಲೇ ಹಗ್ಗ ಬಿಚ್ಚುವವನಿದ್ದೇನೆ. ದಯವಿಟ್ಟು ತಾವು ದಡದಲ್ಲೇ ಇರಬೇಕಾಗಿ ಪ್ರಾರ್ಥನೆ.

ತಮ್ಮ ಅಪ್ಪಣೆಗಾಗಿ ಇದೇ ಕೊನೆಯ ಬಾರಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಕನ್ನಡಕದಂಗಡಿಯವನು

ತಾ.ಕ.: ಫಲಕದ ಮುಂದೆಯೇ ನಿಂತು ಇಷ್ಟನ್ನು ಸೇರಿಸುತ್ತಿದ್ದೇನೆ. ದೋಣಿ ಜಾಗದಲ್ಲಿಲ್ಲ. ನನ್ನಾಕೆ ಇವತ್ತು ತರಗತಿಗೆ ಎರಡು ಕಂಬಳಿ ಒಯ್ದದ್ದೇಕೆಂದು ಈಗ ತಿಳಿಯಿತು. ಬಡಗಿ ಹೇಳಿದ: "ಅಮ್ಮಾವ್ರಿಬ್ರೂ ಆಗಲೇ ಗೋಡೆ ದಾಟಿದ್ರು, ಸಾರ್. ನಡುಗಡ್ಡೆಯಲ್ಲಿ ರಾತ್ರಿ ಇದ್ದು ನಾಳೆ ಬರ್ತಾರಂತೆ. ಇಬ್ಬರಿಗೇ ಮಲಗೋಕೆ ಜಾಗ ಇರೋದು ಅಂತ ನಿಮಗೆ ಗೊತ್ತಲ್ಲ ಅಂದ್ರು." ತಾವು ಬೇಗ ಬನ್ನಿ. ಕಟ್ಟೆಯ ಮೇಲೆ ಒಬ್ಬನೇ ಕೂತಿರುತ್ತೇನೆ, ಫ್ಲಾಸ್ಕಿನಲ್ಲಿ ನನಗೂ ಸ್ವಲ್ಪ ಚಹಾ ಇರಲಿ. ಗಾಳಿ ತುಂಬಾ ಚೆನ್ನಾಗಿದೆ.