ಎರಡು ರಸೀದಿ

ಮಾನ್ವಿಯ ದರ್ಜಿ ಅಲ್ಲಾಉದ್ದೀನ್ ಬೆಳಗಿನ ಮೊದಲ ಬಸ್ಸಿಗೆ ರಾಯಚೂರಿಗೆ ಹೋಗಿ, ಮಗಳು ಜಾಹೆದಾಳ ಕಾಲೇಜು ಸೀಟಿಗೆ ನೂರು ರೂಪಾಯಿ ಡಿಪಾಜಿಟ್ ಕಟ್ಟಿ ಬಂದ. ಅವನು ಮಾಡಿದ ತಪ್ಪು ಇಷ್ಟೇ. ಕಟ್ಟಲು ಅಂದೇ ಕಡೆಯ ದಿನ. ಕಟ್ಟಿದ್ದು ವಾಪಸ್ ಬರುವಂತಿರಲಿಲ್ಲ. ಉಳಿದ ಫೀಸಿಗೆ ಅವನು ನಂಬಿದ್ದು ವಿದ್ಯಾರ್ಥಿ ಸಹಾಯ ಸಂಘವನ್ನು. ಮನೆಯ ಸ್ಥಿತಿ ನೋಡಲು ಸಂಘದ ಕಾರ್ಯದರ್ಶಿ ಕನಕಪ್ಪನವರು ಅಂದೇ ನಾಲ್ಕು ಗಂಟೆಗೆ ಬರುವವರಿದ್ದರು.

ಚಹಾ ಹೋಟೆಲಿನ ಹುಲಿಗೆಪ್ಪ ಸುದ್ದಿ ಕೇಳಿ ಹಣೆ ಬಡಿದುಕೊಂಡ.

"ಸಹಾಯ ಬರೂಕಿಂತ ಮೊದ್ಲ ಯಾರರ ಡಿಪಾಜಿಟ್ ಕಟ್ತಾರೇನೋ ಸಾಬ್? ನೂರು ರೂಪಾಯಿ ಇದ್ದಾವ ಬಡವ ಹೆಂಗಾಗ್ತಾನ ಅಂತ ಕೇಳ್ತಾರ. ಕಟ್ಟೇ ಇಲ್ಲ ಅಂತ ಹೇಳು. ಮನ್ಯಾಗಿನ ಸಾಮಾನೂ ತಗದುಬಿಡು. ಆ ರೇಡಿಯೋ ಅಂತೂ ಕಾಣಲೇಬಾರದು!"

ಪುಕ್ಕಟೆ ಸಲಹೆಗೆ ಅಲ್ಲಾಉದ್ದೀನ್ ಎಂದೂ ಬೇಡ ಅಂದವನಲ್ಲ. ರೇಡಿಯೋ, ಟೇಬಲ್ ಫ್ಯಾನು, ಗೋಡೆ ಗಡಿಯಾರ, ಎರಡು ಕುರ್ಚಿ, ರಸೀದಿ ಇಟ್ಟ ಟ್ರಂಕು ಎಲ್ಲವೂ ಪಕ್ಕದ ಮನೆಯ ಶರಣಯ್ಯನವರಲ್ಲಿಗೆ ಹೋದವು. ಶರಣಯ್ಯನವರು ಸಾತ್ವಿಕರು. ಸುಳ್ಳಾಡಿದರೆ ಕೊರಳಿನ ಲಿಂಗ ಭಾರವಾಗುತ್ತದೆಂದು ನಂಬಿದವರು.

ನಾಲ್ಕಕ್ಕೆ ಸರಿಯಾಗಿ ಕನಕಪ್ಪನವರು ಬಂದರು. ಬರೀ ಚಾಪೆ, ಒಂದು ಮಡಕೆ, ಗೋಡೆಯ ಮೇಲೆ ಗಡಿಯಾರದ ಗುಂಡನೆಯ ಗುರುತು. ಅವರ ಕಣ್ಣು ಒದ್ದೆಯಾಯಿತು.

"ಮಗಳು ಚಲೋ ಮಾರ್ಕ್ಸ್ ತಗೊಂಡಾಳ್ರಿ. ಡಿಪಾಜಿಟ್ ಕಟ್ಟೀರೇನು?"

"ಎಲ್ಲಿಂದ ಕಟ್ಲಿ ಸಾಹೇಬ್ರ? ಒಂದು ಪೈಸಾ ಇಲ್ರಿ!"

ಕನಕಪ್ಪನವರು ಫೈಲು ಮುಚ್ಚಿದರು. "ಹಂಗಾದ್ರ ಸೀಟು ಹೋತು. ಸೀಟು ಇಲ್ಲದವರಿಗೆ ನಾವು ಕೊಡಂಗಿಲ್ರಿ. ರಸೀದಿ ಇದ್ರ ಈಗಿಂದೀಗ ಸಹಿ ಹಾಕತಿದ್ದೆ."

ಅಲ್ಲಾಉದ್ದೀನ್ ಫೈಲಿಗೆ ಕೈ ಅಡ್ಡ ಹಿಡಿದ. "ಕಟ್ಟೀನ್ರಿ! ಮುಂಜಾನೇನ ಕಟ್ಟೀನ್ರಿ!"

"ಈಗ ಇಲ್ಲ ಅಂದ್ರಿ?"

"ನಾಚಿಕಿ ಆತ್ರಿ... ರಸೀದಿ ಟ್ರಂಕಿನಾಗ ಅದ. ಟ್ರಂಕು ಬಾಜೂಕಿನ ಶರಣಯ್ಯ ಅಯ್ಯೋರ ಮನ್ಯಾಗ ಅದ. ನೀವು ಕೂಡ್ರಿ, ನಾ ಓಡಿ ತರ್ತೀನಿ."

ಅಷ್ಟರಲ್ಲಿ ಶರಣಯ್ಯನವರೇ ಬಾಗಿಲಿಗೆ ಬಂದರು. ಓಣಿಗೆ ಬಂದ ಅತಿಥಿ ಚಾಪೆ ಮೇಲೆ ಕೂತು ಬೆವರುವುದು ಅವರಿಂದ ನೋಡಲಾಗಲಿಲ್ಲ.

"ಬರ್ರಿ ಸಾಹೇಬ್ರ, ನಮ್ಮ ಮನ್ಯಾಗ ಒಂದೀಟು ಚಾ ಕುಡೀರಿ."

ಅಲ್ಲಾಉದ್ದೀನ್ ಬೇಡ ಬೇಡ ಎನ್ನುವಷ್ಟರಲ್ಲಿ ಕನಕಪ್ಪನವರು ಕುರ್ಚಿಯಲ್ಲಿ ಕೂತಾಗಿತ್ತು. ಫ್ಯಾನು ತಿರುಗುತ್ತಿತ್ತು, ರೇಡಿಯೋ ಹಾಡುತ್ತಿತ್ತು.

"ಅಯ್ಯೋರು ಭಾಳ ಅನುಕೂಲಸ್ಥರು ಬಿಡ್ರಿ."

ಶರಣಯ್ಯನವರ ಕೈ ಕೊರಳಿಗೆ ಹೋಯಿತು. "ಶಿವ ಶಿವಾ! ಇದರಾಗ ನಂದು ಈ ಚಾದ ಕಪ್ಪಷ್ಟ ರೀ. ಉಳಿದದ್ದೆಲ್ಲ ಸಾಬರದು. ಯಾರೋ ಬಡತನ ನೋಡಾಕ ಬರ್ತಾರಂತ ಇಲ್ಲಿ ಇಟ್ಟಾರ. ಅವರು ಹೋದಮ್ಯಾಲ ಒಯ್ತಾರಂತ."

ಕನಕಪ್ಪನವರು ಚಹಾವನ್ನು ಕೊನೆಯ ಹನಿಯವರೆಗೂ ಕುಡಿದರು. ಅಲ್ಲಾಉದ್ದೀನ್ ಟ್ರಂಕಿನಿಂದ ತೆಗೆದು ಚಾಚಿದ ರಸೀದಿಯನ್ನು ಓದಿ, ಮಡಿಚಿ, ವಾಪಸ್ ಕೊಟ್ಟರು. ಫೈಲಿನಲ್ಲಿದ್ದ ಸಹಾಯದ ಅರ್ಜಿಯ ಮೇಲೆ ಉದ್ದಕ್ಕೂ ಒಂದು ಗೆರೆ ಎಳೆದರು. ಆಮೇಲೆ ಚೀಲದಿಂದ ಸಂಘದ ರಸೀದಿ ಪುಸ್ತಕ ತೆಗೆದರು.

"ಇದ್ದವರು ಬಡ ಮಕ್ಕಳಿಗೆ ಕೊಡಬೇಕ್ರಿ. ಸಂಘದ ಚಂದಾ ಹನ್ನೊಂದು ರೂಪಾಯಿ ಬರೀಲೇನು?"

ಬಾಗಿಲಲ್ಲಿ ಅರ್ಧ ಓಣಿ ನೆರೆದಿತ್ತು. ಅಷ್ಟು ಜನರ ಮುಂದೆ ಅಲ್ಲಾಉದ್ದೀನ್ ಹನ್ನೊಂದು ರೂಪಾಯಿ ಎಣಿಸಿ ಕೊಟ್ಟು ರಸೀದಿ ತೆಗೆದುಕೊಂಡ.

ಸಾಮಾನೆಲ್ಲ ಮನೆಗೆ ಮರಳಿದ ಮೇಲೆ ಜಾಹೆದಾ ಮೆಲ್ಲಗೆ ಕೇಳಿದಳು, "ಅಬ್ಬಾ, ಫೀಸು?"

ಎರಡೂ ರಸೀದಿ ಹಿಡಿದು ಕೂತಿದ್ದ ಅಲ್ಲಾಉದ್ದೀನ್ ರೇಡಿಯೋ ಕಡೆ ನೋಡಿದ. ಅಷ್ಟರಲ್ಲಿ ಹೊರಗಿನಿಂದ ಹುಲಿಗೆಪ್ಪನ ದನಿ ಕೇಳಿತು.

"ಸಾಬ್, ಆ ರೇಡಿಯೋ ಅರ್ಧಾ ರೇಟಿಗೆ ಕೊಡ್ತಿ ಅಂದ್ರ ಈಗ ಒಯ್ತೀನಿ ನೋಡು."